‘ರಾದರ್’ ಎಂಬ ಆಂಗ್ಲ ಅವ್ಯಯ

ಇಂಗ್ಲಿಷನ್ನು ಬಹುಕಾಲ ಅಭ್ಯಾಸಮಾಡಿದವರೂ ಬಳಸಲು ಹಿಂಜರಿಯುವ ಚಿಕ್ಕ ಪದಗಳಲ್ಲಿ ‘ರಾದರ್’ ಒಂದು. ಎರಡರಲ್ಲಿ ಒಂದನ್ನು ಮಿಗಿಲಾಗಿ ಬಯಸುವುದನ್ನು ಸೂಚಿಸುವುದೇ ಇದರ ಪ್ರಧಾನ ಕಾರ್ಯವಾದರೂ, ಇದರ ಮೂಲವನ್ನು ಅರಸಿಹೋದರೆ ಅಲ್ಲಿ ಆಯ್ಕೆಯ ಭಾವದ ಸುಳಿವಿಲ್ಲದೆ ಕೇವಲ ತ್ವರೆಯ ಭಾವವೇ ಕಾಣಸಿಗುವುದು.

ಪ್ರಾಚೀನ ಇಂಗ್ಲಿಷಿನಲ್ಲಿ ‘ಬೇಗನೆ’ ಎಂಬರ್ಥದ ಶಬ್ದವೊಂದಿದ್ದಿತು. ‘ಇನ್ನೂ ಬೇಗನೆ’ ಎಂಬ ಅದರ ತಾರತಮ್ಯರೂಪವೇ ಕಾಲಕ್ರಮದಲ್ಲಿ ‘ರಾದರ್’ ಆಯಿತು. ಮೂಲಪದವು ‘ರೇದ್’ ಎಂಬ ವಿಶೇಷಣವಾಗಿ ಕೆಲಕಾಲ ಉಳಿದಿದ್ದು, 1638ರಲ್ಲಿ ಅಚ್ಚಾದ ‘ಲಿಸಿಡಸ್’ ಎಂಬ ಶೋಕಗೀತೆಯಲ್ಲಿ ಮಿಲ್ಟನ್ ಕವಿಯು ಋತುವಿನ ಆದಿಯಲ್ಲೇ ಅರಳುವ ಪ್ರಿಮ್‌ರೋಸ್ ಹೂವಿಗೆ ಅದನ್ನು ಪ್ರಯೋಗಿಸಿದ್ದಾನೆ. ಅನಂತರ ಅದು ಬಳಕೆಯಿಂದ ಜಾರಿಹೋಯಿತು. ಮನಸ್ಸು ಒಲಿದ ಕೆಲಸಕ್ಕೇ ಕೈ ಮೊದಲು ಚಾಚುವುದಾದ್ದರಿಂದ, ‘ಇದನ್ನು ಮೊದಲು ಮಾಡುವೆನು’ ಎಂಬ ನುಡಿಯು ‘ಇದನ್ನೇ ಬಯಸುವೆನು’ ಎಂಬ ಅರ್ಥಕ್ಕೆ ತಿರುಗಿದುದು ಸಹಜವೇ ಆಗಿದೆ. ಫ್ರೆಂಚರ ‘ಪ್ಲ್ಯುತೊ’ ಎಂಬ ಪದವೂ ಜರ್ಮನರ ‘ಏಹರ್’ ಎಂಬುದೂ ‘ಮುಂಚಿತವಾಗಿ’ ಎಂಬರ್ಥದಿಂದ ಹೊರಟು ಇದೇ ಹಾದಿಯನ್ನು ಹಿಡಿದಿವೆ. ಕನ್ನಡವಾದರೋ ಕಾಲವನ್ನು ಬಿಟ್ಟು ಎತ್ತರವನ್ನು ಆಶ್ರಯಿಸಿ, ‘ಬೇಡುವುದಕ್ಕಿಂತ ದುಡಿಯುವುದು ಮೇಲು’ ಎನ್ನುತ್ತದೆ.

‘ಐ ವುಡ್ ರಾದರ್ ವಾಕ್’ ಎಂದರೆ ನಡೆದುಹೋಗುವುದೇ ನನಗಿಷ್ಟವೆಂದು ತಾತ್ಪರ್ಯ. ಇಲ್ಲಿ ಕ್ರಿಯಾಪದದ ಹಿಂದೆ ‘ಟು’ ಸೇರಿಸಲಾಗದು. ಬೇಡವೆಂದು ಬಿಟ್ಟುದನ್ನೂ ಹೇಳಬೇಕಾದಾಗ ‘ದ್ಯಾನ್’ ಬರುತ್ತದೆ. ಬಯಕೆಯು ಮತ್ತೊಬ್ಬರ ನಡೆಯನ್ನು ಕುರಿತದ್ದಾದರೆ ನಿಯಮವು ಇನ್ನೂ ವಿಚಿತ್ರ: ‘ಐ ವುಡ್ ರಾದರ್ ಯೂ ಕೇಮ್ ಟುಮಾರೊ’ ಎಂಬಲ್ಲಿ ಬರುವುದು ನಾಳೆಯೇ ಆದರೂ ಕ್ರಿಯಾಪದವು ಭೂತಕಾಲದ ವೇಷವನ್ನು ತೊಟ್ಟಿದೆ. ಆ ರೂಪವು ಕಳೆದ ಕಾಲವನ್ನಲ್ಲದೆ, ಇನ್ನೂ ನಿಜವಾಗದ ಇಚ್ಛೆಯನ್ನು ಸೂಚಿಸುತ್ತದೆ. ಆಡಿದ ಮಾತನ್ನು ಒಡನೆಯೇ ತಿದ್ದಿಕೊಳ್ಳುವವರು ‘ಆರ್ ರಾದರ್’ ಎಂದು ಮುಂದುವರಿಯುವರು. ಮೊದಲಿನ ಮಾತಿಗಿಂತ ಎರಡನೆಯದು ಯುಕ್ತತರವೆಂಬ ಆಯ್ಕೆಯ ಭಾವವೇ ಅಲ್ಲಿಯೂ ಅಡಗಿದೆ.

ಗುಣವಾಚಕದ ಹಿಂದೆ ನಿಂತಾಗ ಈ ಪದವು ಪರಿಮಾಣವನ್ನು ಹೇಳುತ್ತದೆ. ಕೋಣೆಯು ‘ಫೇರ್ಲಿ ವಾರ್ಮ್’ ಎಂದರೆ ಹಿತವಾಗಿ ಬೆಚ್ಚಗಿದೆಯೆಂದೂ, ‘ರಾದರ್ ವಾರ್ಮ್’ ಎಂದರೆ ಬೇಕಾದುದಕ್ಕಿಂತ ತುಸು ಹೆಚ್ಚೇ ಬಿಸಿಯಾಗಿದೆಯೆಂದೂ ಸಾಮಾನ್ಯವಾಗಿ ಭಾವಿಸಬಹುದು. ಆದರೆ ‘ರಾದರ್ ಗುಡ್’ ಎಂಬುದು ದೂರಲ್ಲ; ಎಣಿಸಿದುದಕ್ಕಿಂತ ಚೆನ್ನಾಗಿದೆಯೆಂಬ, ಉಲ್ಲಾಸವನ್ನು ಅದುಮಿಟ್ಟು ಆಡಿದ ಮೆಚ್ಚುಗೆ.

ಅವಸರವನ್ನು ಸೂಚಿಸಲು ಹುಟ್ಟಿದ ಪದವು ಹೀಗೆ ಸಂಯಮದ ಸಾಧನವಾಗಿ ಮಾರ್ಪಟ್ಟಿತು. ಅದರ ಪರಮಾವಧಿಯು ‘ಐ ವುಡ್ ರಾದರ್ ನಾಟ್’ ಎಂಬ ಉತ್ತರದಲ್ಲಿದೆ. ಅದರ ಮೃದುತ್ವವನ್ನು ಕಂಡು, ಇನ್ನೊಮ್ಮೆ ಒತ್ತಾಯಿಸಿದರೆ ಒಪ್ಪಿಯಾರೆಂದು ನಮ್ಮವರು ಎಣಿಸುವುದುಂಟು. ಆದರೆ ಸೌಜನ್ಯದ ಹೊದಿಕೆಯೊಳಗೆ ಇರುವುದು ಸ್ಪಷ್ಟವಾದ ನಿರಾಕರಣೆಯೆಂದೇ ತಿಳಿದು, ಆ ವಿಷಯವನ್ನು ಅಲ್ಲಿಗೇ ಬಿಡುವುದು ಉಚಿತ.