ಗಣಕ ಕೊಠಡಿಯ ಹಳೆಯ ಸರ್ವರ್ ಬದಲಿಸುವ ಮುನ್ನ

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಪ್ರೌಢಶಾಲೆಗಳಿಗೆ ಗಣಕಯಂತ್ರವು ಇಂದು ಹೊಸತಲ್ಲ. ಈ ಶತಮಾನದ ಆರಂಭದಲ್ಲಿಯೇ ರಾಜ್ಯ ಸರಕಾರದ 'ಮಾಹಿತಿ ಸಿಂಧು' ಯೋಜನೆಯು ಸರಕಾರಿ ಪ್ರೌಢಶಾಲೆಗಳಿಗೆ ಗಣಕಶಿಕ್ಷಣವನ್ನು ತಂದಿತು. ಖಾಸಗಿ ಶಾಲೆಗಳು ದಾನಿಗಳ ನೆರವಿನಿಂದ ಕೊಠಡಿಗಳನ್ನು ಸಜ್ಜುಗೊಳಿಸಿದವು. ಕೊಳ್ಳುವಾಗ ತೋರಿದ ಉತ್ಸಾಹವು ಯಂತ್ರ ಮುಪ್ಪಾದಾಗ ಕಾಣದಿರುವುದು ಮಾತ್ರ ವಿಷಾದದ ಸಂಗತಿ.

ಕೊಠಡಿಯ ಮೂಲೆಯಲ್ಲಿರುವ ಸರ್ವರ್ ಉಳಿದ ಯಂತ್ರಗಳಿಗೆಲ್ಲ ಕಣಜವಿದ್ದಂತೆ. ಮಕ್ಕಳ ಕಡತಗಳು, ಕಿರುಪರೀಕ್ಷೆಯ ಅಂಕಗಳು, ಪ್ರಶ್ನೆಪತ್ರಿಕೆಗಳು, ಹಳೆಯ ವಿದ್ಯಾರ್ಥಿಗಳ ಯಾದಿ ಎಲ್ಲವೂ ಅದರಲ್ಲಿಯೇ. ವಿದ್ಯುತ್ತು ಪದೇ ಪದೇ ಹೋಗಿ ಬರುವಲ್ಲಿ, ಧೂಳು ತುಂಬಿದಲ್ಲಿ ಅದರ ಹಾರ್ಡ್ ಡಿಸ್ಕ್ ಐದಾರು ವರ್ಷ ದಾಟಿದ ಬಳಿಕ ನಂಬಿಕೆಗೆ ತಕ್ಕುದಲ್ಲ. ಯಂತ್ರ ಆರಂಭವಾಗಲು ಹೆಚ್ಚು ಹೊತ್ತು ಹಿಡಿಯುವುದು, ಒಳಗೆ ಟಕಟಕ ಸದ್ದಾಗುವುದು, ಕಡತ ಒಮ್ಮೆ ತೆರೆದು ಮತ್ತೊಮ್ಮೆ ತೆರೆಯದಿರುವುದು ಎಚ್ಚರಿಕೆಯ ಲಕ್ಷಣಗಳು. ಎರಡು ಡಿಸ್ಕ್‌ಗಳಲ್ಲಿ ಒಟ್ಟಿಗೆ ಬರೆಯುವ 'ರೇಡ್' ವ್ಯವಸ್ಥೆಯಿದೆ, ಭಯವಿಲ್ಲ ಎನ್ನುವವರುಂಟು. ಕೈತಪ್ಪಿ ಅಳಿಸಿದ ಕಡತವು ಆಗ ಎರಡರಲ್ಲಿಯೂ ಒಮ್ಮೆಲೇ ಅಳಿಯುತ್ತದೆ ಎಂಬುದನ್ನು ಅವರು ಎಣಿಸುವುದಿಲ್ಲ.

ಮಠದ ಪಾಠಶಾಲೆಯಲ್ಲಿ ಓಲೆಗರಿ ಓದಲು ಕಲಿತ ನಮ್ಮಂಥವರಿಗೆ ಈ ಕೆಲಸ ಅಪರಿಚಿತವೆನಿಸದು. ಗರಿ ಜೀರ್ಣವಾದಾಗ ಹಿರಿಯರು ಹೊಸ ಗರಿಗೆ ಪ್ರತಿ ಮಾಡುತ್ತಿದ್ದರು. ಮೂಲದೊಡನೆ ತಾಳೆ ನೋಡಿದ ಬಳಿಕವೇ ಹಳೆಯದನ್ನು ಬದಿಗಿಡುತ್ತಿದ್ದರು. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆಯಿಂದ ಓಲೆಗರಿಗಳನ್ನು ಸಂಗ್ರಹಿಸಲು ಸಾಧ್ಯವಾದದ್ದು ಹೀಗೆ ಯಾರೋ ಪ್ರತಿ ಮಾಡಿ ಇಟ್ಟುಕೊಂಡಿದ್ದರಿಂದಲೇ.

ತಾಳೆ ನೋಡುವ ಅಗತ್ಯ ನಮ್ಮ ಕನ್ನಡಕ್ಕೆ ವಿಶೇಷವಾಗಿ ಇದೆ. ಹಳೆಯ ಯಾದಿಗಳು ಬಹುಮಟ್ಟಿಗೆ ಹಿಂದಿನ 'ನುಡಿ' ಅಥವಾ 'ಬರಹ' ಅಕ್ಷರವಿನ್ಯಾಸದಲ್ಲಿವೆ. ಇಂದಿನ ಯಂತ್ರಗಳು ಬಳಸುವುದು ಯುನಿಕೋಡ್. 'ಪಾರ್ವತಿ' ಎಂಬ ಹೆಸರನ್ನು ನೋಡಿರಿ. ಅರ್ಕಾವತ್ತು ಕಣ್ಣಿಗೆ ಕಾಣುವುದು ವಕಾರದ ನಂತರ. ಹಳೆಯ ಕಡತವೂ ಅದನ್ನು ಕಂಡ ಕ್ರಮದಲ್ಲಿಯೇ ಇಟ್ಟುಕೊಂಡಿರುತ್ತದೆ. ಯುನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿದು ರಕಾರವನ್ನು ಮೊದಲಿಡುತ್ತದೆ. (ವೈಯಾಕರಣರು ಮೆಚ್ಚುವ ಕ್ರಮ ಇದೇ.) ಪರಿವರ್ತಿಸುವ ತಂತ್ರಾಂಶಗಳು ದೊರೆಯುತ್ತವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಪಲ್ಲಟವಾಗುವುದುಂಟು. ಮರಾಠಿ ಮಾಧ್ಯಮದ ಶಾಲೆಗಳೂ ಇರುವ ಈ ಗಡಿಸೀಮೆಯಲ್ಲಿ ನಾಗರಿ ಲಿಪಿಯ ಹೆಸರುಗಳಿಗೂ ಇದೇ ಜಾಗ್ರತೆ ಬೇಕು. ಕಬ್ಬು ಕಡಿಯುವವರ ಮಗಳೊಬ್ಬಳು ಹದಿನೈದು ವರ್ಷಗಳ ಬಳಿಕ ದಾಖಲೆ ಕೇಳಿ ಬಂದಾಗ ಅವಳ ಹೆಸರು ಒಂದಕ್ಷರ ಹೆಚ್ಚುಕಡಿಮೆಯಾದರೂ ನೌಕರಿಯ ಅರ್ಜಿ ತಡೆಯಾದೀತು. ಆದ್ದರಿಂದ ಒಬ್ಬರು ದಾಖಲಾತಿ ಪುಸ್ತಕವನ್ನು ಓದಬೇಕು, ಇನ್ನೊಬ್ಬರು ಪರದೆಯನ್ನು ನೋಡಬೇಕು. ಪುಸ್ತಕವನ್ನಂತೂ ಎಂದಿಗೂ ಬಿಡಬಾರದು.

ಕಾಗದಕ್ಕೂ ಅಪಾಯವಿದೆ. 2005ರಲ್ಲಿಯೂ 2019ರ ಆಗಸ್ಟ್‌ನಲ್ಲಿಯೂ ಕೃಷ್ಣೆ ಉಕ್ಕಿ ಹರಿದದ್ದನ್ನು, 2019ರಲ್ಲಿ ದೂಧಗಂಗಾ, ವೇದಗಂಗಾ ನದಿಗಳೂ ದಡ ಮೀರಿದ್ದನ್ನು ನದಿತೀರದವರು ಮರೆತಿಲ್ಲ. ಹೊಸ ಸರ್ವರ್ ನೆಲಮಹಡಿಯಲ್ಲಿ ಇರಕೂಡದು. ಕಡತಗಳಿಗೆ ಮೂರು ಪ್ರತಿಗಳಿರಲಿ. ಎರಡು ಬೇರೆ ಬೇರೆ ಸಾಧನಗಳಲ್ಲಿ, ಅವುಗಳಲ್ಲಿ ಒಂದು ನದಿಯಿಂದ ದೂರದ ಊರಿನಲ್ಲಿರಲಿ. ತೆಗೆದಿಟ್ಟ ಪ್ರತಿಯಿಂದ ಕಡತವನ್ನು ಮರಳಿ ತೆರೆದು ನೋಡದ ಹೊರತು ಅದು ಪ್ರತಿ ಎಂದು ನಾನು ಒಪ್ಪಲಾರೆ.

ಹತ್ತು ಯಂತ್ರಗಳ ಚಿಕ್ಕ ಕೊಠಡಿಗೆ ದುಬಾರಿ ಸರ್ವರ್ ಬೇಕೇ ಎಂದೂ ಆಡಳಿತ ಮಂಡಳಿಯವರು ಕೇಳಿಕೊಳ್ಳಬೇಕು. ಹೊಸದೊಂದು ಸಾಧಾರಣ ಗಣಕಯಂತ್ರ, ಎರಡು ಡಿಸ್ಕ್, ಉತ್ತಮ ಯುಪಿಎಸ್, ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ಎಷ್ಟೋ ಕಡೆ ಸಾಕಾಗುತ್ತವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿರುವುದರಿಂದ ವಿದ್ಯಾರ್ಥಿಗಳ ಯಂತ್ರಗಳ ವಿಚಾರವನ್ನೂ ಜೊತೆಯಲ್ಲಿಯೇ ಮಾಡುವುದು ಲೇಸು.

ಬದಲಾವಣೆಗೆ ಬೇಸಿಗೆಯ ರಜೆ ಪ್ರಶಸ್ತ. ಹಳೆಯ ಯಂತ್ರವನ್ನು ದಸರೆಯ ರಜೆಯವರೆಗೆ ಹಾಗೆಯೇ ಕಾಯ್ದಿರಿಸಿ, ಯಾವ ಕಡತವೂ ಬಿಟ್ಟುಹೋಗಿಲ್ಲವೆಂದು ಖಚಿತವಾದ ಮೇಲೆ ಡಿಸ್ಕನ್ನು ಪೂರ್ಣ ಅಳಿಸಬೇಕು. ಮಕ್ಕಳ ಹೆಸರು, ಜನ್ಮದಿನಾಂಕಗಳಿದ್ದ ಡಿಸ್ಕ್ ಗುಜರಿಯವನ ಕೈಸೇರುವುದು ತರವಲ್ಲ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ, ಅವರು ಕೊಟ್ಟ ರಸೀದಿಯನ್ನು ಶಾಲೆಯ ಕಚೇರಿಯಲ್ಲಿ ಇರಿಸಿಕೊಳ್ಳತಕ್ಕದ್ದು.