ನಿಮಗಿದು ಗೊತ್ತೇ? ಆರು ತಂತಿ, ಹತ್ತಾರು ಗುಟ್ಟು!

ದೇವರ ಹಿಪ್ಪರಗಿಯ ಭಜನೆಯಲ್ಲಿ ಹಾರ್ಮೋನಿಯಂ, ತಬಲಾ, ತಾಳ ಕೇಳಿ ಬೆಳೆದ ಕಿವಿ ನಿಮ್ಮದೇ? ಹಾಗಾದರೆ ಎಲೆಕ್ಟ್ರಿಕ್ ಗಿಟಾರಿನ ಅಪಸ್ವರ ನಿಮಗೆ ಥಟ್ಟನೆ ಸಿಕ್ಕೀತು. ಅದನ್ನು ಮನೆಯಲ್ಲೇ ಸರಿಪಡಿಸಲೂಬಹುದು!

ತಂತಿಯ ಸರಿ ಅರ್ಧ ಎಲ್ಲಿದೆ? 12ನೇ ಫ್ರೆಟ್, ಅಂದರೆ ಮೆಟ್ಟಿಲಿನ ಮೇಲೆ! ಅಲ್ಲಿ ತಂತಿಯನ್ನು ಒತ್ತಬೇಡಿ, ಬೆರಳ ತುದಿಯಿಂದ ಸುಮ್ಮನೆ ಮುಟ್ಟಿ, ಮೀಟಿ, ಬೆರಳು ತೆಗೆಯಿರಿ. ಗಂಟೆಯಂಥ ತಿಳಿನಾದ ಬರುತ್ತದೆ. ಈಗ ಅದೇ ಜಾಗದಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಆಗಬೇಕು. ಆಗಲಿಲ್ಲವೇ? ಕಳ್ಳ ಸಿಕ್ಕಿಬಿದ್ದ!

ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ ಸರಿಸಿ. ಇಳಿದಿದ್ದರೆ ನೆಕ್ ಕಡೆಗೆ ತನ್ನಿ. ಮತ್ತೆ ಶ್ರುತಿ ಮಾಡಿ, ಮತ್ತೆ ನೋಡಿ. ಒಂದೇ ಒಂದು ಮಿಲಿಮೀಟರ್ ಸರಿದರೂ ಟ್ಯೂನರಿನ ಮುಳ್ಳು ಜಾಗ ಬದಲಿಸುತ್ತದೆ!

ತಂತಿ ಒತ್ತಿದಾಗ ಅದು ಬಿಗಿಯಾಗಿ ಸ್ವರ ಚೂರು ಏರುತ್ತದೆ, ಒಂದೊಂದು ತಂತಿಯಲ್ಲಿ ಒಂದೊಂದಷ್ಟು. ಅದಕ್ಕೇ ಸ್ಯಾಡಲ್‌ಗಳು ಸಾಲಾಗಿ ನಿಲ್ಲದೆ ಓರೆಯಾಗಿ ನಿಂತಿರುತ್ತವೆ. ಓರೆಯಾಗಿದ್ದರೇ ಸರಿ!

ಸಾಮಾನ್ಯ ಆರು ತಂತಿಗಳೂ ಸೇರಿ ನೆಕ್ಕನ್ನು ಎಳೆಯುವ ಬಲ ಎಷ್ಟು? ಸುಮಾರು 46 ಕೆಜಿ! ಅರ್ಧ ಚೀಲ ಜೋಳದ ಭಾರ ಹಗಲೂ ರಾತ್ರಿ ಒಂದು ತೆಳು ಕಟ್ಟಿಗೆಯ ಮೇಲೆ!

ಆ ಎಳೆತ ತಡೆಯಲು ನೆಕ್ಕಿನ ಒಳಗೆ ಉಕ್ಕಿನ ಸರಳೊಂದು ಅಡಗಿದೆ. ಅದೇ ಟ್ರಸ್ ರಾಡ್. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮ್ಯಾಕ್‌ಹ್ಯೂ ಅದಕ್ಕೆ 1923ರಲ್ಲಿ ಪೇಟೆಂಟ್ ಪಡೆದರು. ನೆಕ್ಕಿನ ಬಾಗು ತಿದ್ದಲು ಅದನ್ನು ಒಮ್ಮೆಗೆ ಕಾಲು ಸುತ್ತು ತಿರುಗಿಸಿದರೆ ಸಾಕು!

ನೆಕ್ ಪೂರ್ತಿ ನೆಟ್ಟಗಿರಬೇಕು ಅಂದುಕೊಂಡಿರಾ? ಇಲ್ಲ! ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು ನಡುವಿನ ಫ್ರೆಟ್ ಮೇಲೆ ಇಣುಕಿ. ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.25 ಮಿ.ಮೀ. ಸಂದು ಕಂಡರೆ ಚೆನ್ನ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಕಟ್ಟಿಗೆ ಒಣಗಿ ಈ ಸಂದು ಬದಲಾಗುತ್ತದೆ. ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಇಣುಕಿ ನೋಡಿ!

ತಂತಿಯ ಕಂಪನ ಹಿಡಿಯುವ ಪಿಕಪ್ಪಿನ ಅಯಸ್ಕಾಂತ ತಂತಿಗೆ ತೀರಾ ಹತ್ತಿರವಾದರೆ ತಂತಿಯನ್ನೇ ಎಳೆದು ಸ್ವರ ಕೆಡಿಸುತ್ತದೆ! ಸ್ಯಾಡಲ್ ಎಷ್ಟು ಸರಿಸಿದರೂ ಸ್ವರ ಕೂಡದು. ಪಿಕಪ್ ಇಳಿಸಿ ನೋಡಿ.

ಹಳೇ ತಂತಿಯಲ್ಲಿ ಈ ಕೆಲಸ ಮಾಡಬೇಡಿ. ತುಕ್ಕು ಹಿಡಿದ, ಸವೆದ ತಂತಿ ಸುಳ್ಳು ಹೇಳುತ್ತದೆ. ಮೊದಲು ಹೊಸ ತಂತಿ, ಆಮೇಲೆ ನೆಕ್, ಆಮೇಲೆ ತಂತಿಯ ಎತ್ತರ, ಕಟ್ಟಕಡೆಗೆ ಸ್ಯಾಡಲ್!

ಸ್ಟ್ರಾಟೋಕ್ಯಾಸ್ಟರ್ ಗಿಟಾರಿಗೆ ಒಂದೊಂದು ತಂತಿಗೂ ಒಂದೊಂದು ಸ್ಯಾಡಲ್ ಇದೆ. ಅದು 1954ರಲ್ಲಿ ಬಂತು. ಅದನ್ನು ಹೊರತಂದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಲೇ ಇರಲಿಲ್ಲ!

ಫ್ರೆಟ್‌ಗಳ ಅಂತರದ ಲೆಕ್ಕ ಕೊಟ್ಟವರಲ್ಲಿ ಗೆಲಿಲಿಯೋನ ಅಪ್ಪ ವಿಂಚೆಂಜೊನೂ ಒಬ್ಬ! ಆತ ಲ್ಯೂಟ್ ವಾದಕ. ಉಳಿದ ತಂತಿಯ 18ರಲ್ಲಿ ಒಂದು ಪಾಲಿಗೆ ಒಂದು ಫ್ರೆಟ್ ಎಂದು 1581ರಲ್ಲೇ ಹೇಳಿದ್ದ. ಇಂದಿನ ಲೆಕ್ಕದಲ್ಲಿ ಅದು 17.817. ಎಷ್ಟು ಹತ್ತಿರ!

ಗಿಟಾರಿನಲ್ಲಿ ಫ್ರೆಟ್ ಕದಲದು, ಸ್ಯಾಡಲ್ ಸರಿಯುತ್ತದೆ. ನಮ್ಮ ವೀಣೆಯಲ್ಲಿ ಇದು ತಿರುಗುಮುರುಗು! ಅದರ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿವೆ. ಮೇಣ ಕರಗಿಸಿ ಮೆಟ್ಟಿಲನ್ನೇ ಸರಿಪಡಿಸುತ್ತಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆಗಳಿಗೇ ಹೆಸರಾದ ಹಳ್ಳಿ. ಸಿತಾರಿನಲ್ಲಂತೂ ಮೆಟ್ಟಿಲನ್ನು ದಾರದಿಂದ ಕಟ್ಟಿರುತ್ತಾರೆ, ಬೆರಳಲ್ಲೇ ಸರಿಸಬಹುದು!

ಅನೇಕ ಗಿಟಾರ್‌ಗಳ ಫ್ರೆಟ್ ಹಲಗೆ ಯಾವ ಮರದ್ದು? ಪಶ್ಚಿಮ ಘಟ್ಟದಲ್ಲೂ ಬೆಳೆಯುವ ನಮ್ಮ ಬೀಟೆ! ಹೊರಗೆ ಅದಕ್ಕೆ ಇಂಡಿಯನ್ ರೋಸ್‌ವುಡ್ ಅಂತ ಹೆಸರು.

ಕೊನೆಯದು ಎಲ್ಲಕ್ಕಿಂತ ಸೋಜಿಗ. ಗಡಿಯಾಚೆಯ ಮಿರಜಿನ ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಆ ತಂಬೂರಿಯ ಷಡ್ಜ ಮೀಟಿದರೆ, ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದೆ! ಗಿಟಾರಿನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. 100 ಸೆಂಟ್ ಅಂದರೆ ಪಕ್ಕಪಕ್ಕದ ಎರಡು ಫ್ರೆಟ್‌ಗಳ ಅಂತರ. ಎಷ್ಟೇ ಸರಿಯಾಗಿ ಹೊಂದಿಸಿದ ಗಿಟಾರಿನಲ್ಲೂ ಈ ಕೂದಲೆಳೆಯ ಅಂತರ ಉಳಿದೇ ಉಳಿಯುತ್ತದೆ. ಟ್ಯೂನರಿನ ಮುಳ್ಳು ಸರಿಯಿದೆ ಅಂದ ಮೇಲೂ ಗಾಂಧಾರ ಚುರುಕ್ ಎಂದರೆ ಸ್ಯಾಡಲ್ ಮುಟ್ಟಬೇಡಿ. ಅದು ಗಿಟಾರಿನ ತಪ್ಪಲ್ಲ, ನಿಮ್ಮ ಕಿವಿ ತಂಬೂರಿಯದು!