ಕಂಕುಳಲ್ಲಿ ಕೂಸು, ಕೈಯಲ್ಲಿ ಪುಸ್ತಕ

ಮಗುವನ್ನು ಸಾಕುವುದೋ, ಮತ್ತೆ ಓದುವುದೋ? ಎರಡೂ ಬೇಕೆಂದರೆ ಹಣ ಎಲ್ಲಿಂದ ಬರಬೇಕು? ಸಂಸಾರದ ಭಾರವನ್ನು ಒಬ್ಬಳೇ ಹೊತ್ತ ತಾಯಿ ಓದಲು ಹೊರಟಾಗ ಮೊದಲು ಎದುರಾಗುವ ಪ್ರಶ್ನೆಯಿದು. ಸುಮಾರು ನೂರ ನಲವತ್ತು ವರ್ಷಗಳ ಹಿಂದೆ ಇದಕ್ಕೆ ಉತ್ತರ ಹುಡುಕಿಕೊಂಡ ತಾಯಿಯೊಬ್ಬರು ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲೇ. ಅವರೇ ಪಂಡಿತಾ ರಮಾಬಾಯಿ.

ತಾಯಿಯೇ ಗುರು

ರಮಾಬಾಯಿ ಜನಿಸಿದ್ದು 1858ರಲ್ಲಿ, ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದ ಕಡೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ವಿರೋಧ ಕಟ್ಟಿಕೊಂಡವರು. ಹಾಗೆ ಕಲಿತ ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಗುರುವಾದರು. ಮುಂದೆ ಬರಗಾಲದಲ್ಲಿ ತಂದೆ, ತಾಯಿ ಇಬ್ಬರೂ ತೀರಿಕೊಂಡರು. ಅಣ್ಣನೊಡನೆ ಊರೂರು ಅಲೆದು 1878ರಲ್ಲಿ ಕಲ್ಕತ್ತ ತಲುಪಿದಾಗ ಅಲ್ಲಿನ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮರುವರ್ಷ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಆಗ ತಾಯಿಗೆ 23 ವರ್ಷ. ಮಗುವಿಗೆ ಹತ್ತು ತಿಂಗಳೂ ತುಂಬಿರಲಿಲ್ಲ.

ತಿಳಿದದ್ದೇ ಬಂಡವಾಳ

ಬಿರುದಿನಿಂದ ಹೊಟ್ಟೆ ತುಂಬುವುದಿಲ್ಲ. ಪುಣೆಗೆ ಬಂದ ರಮಾಬಾಯಿ ಇಂಗ್ಲಿಷ್ ಕಲಿಯತೊಡಗಿದರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗಾಗಿ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯೆಯಾಗಬೇಕೆಂಬ ಆಸೆ ಅವರಿಗಿತ್ತು. ಅದಕ್ಕೆ ಇಂಗ್ಲೆಂಡಿಗೆ ಹೋಗಬೇಕಿತ್ತು.

ಮೊದಲ ಖರ್ಚು ಹಡಗಿನದು. 1882ರಲ್ಲಿ ಅವರು ಮರಾಠಿಯಲ್ಲಿ ಬರೆದ ‘ಸ್ತ್ರೀಧರ್ಮ ನೀತಿ’ ಪುಸ್ತಕ ಮಾರಿ ಬಂದ ಹಣ ಅದಕ್ಕೆ ಒದಗಿತು. 1883ರಲ್ಲಿ, ಎರಡು ವರ್ಷದ ಮಗಳೊಡನೆ ಹೊರಟರು.

ಎರಡನೆಯದು ಊಟ, ವಸತಿ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಆಸರೆ ಸಿಕ್ಕಿತು. ಭಾರತಕ್ಕೆ ಹೊರಡಲಿದ್ದ ಅಲ್ಲಿನ ಸನ್ಯಾಸಿನಿಯರಿಗೆ ಮರಾಠಿ ಬೇಕಿತ್ತು. ಅದನ್ನು ಕಲಿಸುವುದು ರಮಾಬಾಯಿಯವರ ಕೆಲಸವಾಯಿತು.

ಮೂರನೆಯದು ವಿದ್ಯಾಭ್ಯಾಸ. 1884ರಿಂದ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಅವರು ಸಂಸ್ಕೃತ ಕಲಿಸಿದರು. ಇಂಗ್ಲಿಷ್, ಗಣಿತ, ವಿಜ್ಞಾನ ಕಲಿತರು. ಒಂದು ತರಗತಿಗೆ ಶಿಕ್ಷಕಿ, ಮತ್ತೊಂದಕ್ಕೆ ವಿದ್ಯಾರ್ಥಿನಿ!

ನಾಲ್ಕನೆಯದು ಮಗುವಿನ ಆರೈಕೆ. ಮನೋರಮಾಳನ್ನು ಬಹುಕಾಲ ನೋಡಿಕೊಂಡವರು ವಾಂಟೇಜ್‌ನ ಸನ್ಯಾಸಿನಿಯರು.

ನೆರವಿನ ಹಂಗು

ಈ ನೆರವು ಬೇಷರತ್ತಾಗಿರಲಿಲ್ಲ. ರಮಾಬಾಯಿ 1883ರಲ್ಲೇ ಕ್ರೈಸ್ತ ಧರ್ಮ ಸ್ವೀಕರಿಸಿದ್ದರು. ಆದರೂ ತಾವು ಏನನ್ನು ನಂಬಬೇಕು, ಮಗಳು ಏನನ್ನು ಕಲಿಯಬೇಕು ಎಂಬ ಬಗ್ಗೆ ಮಠದವರೊಡನೆ ಪತ್ರಗಳಲ್ಲೇ ವಾಗ್ವಾದ ನಡೆಯಿತು. ಅನ್ನದ ಋಣ ಒಪ್ಪಿಕೊಂಡರೂ ವಿಚಾರ ಸ್ವಾತಂತ್ರ್ಯವನ್ನು ಅವರು ಬಿಟ್ಟುಕೊಡಲಿಲ್ಲ.

ಇನ್ನೊಂದು ಪೆಟ್ಟು ಕಿವಿಯದು. ಕಿವಿ ಮಂದವಾದ್ದರಿಂದ ವೈದ್ಯಕೀಯದ ಆಸೆ ಕೈಬಿಡಬೇಕಾಯಿತು. ಓದು ಮಾತ್ರ ನಿಲ್ಲಲಿಲ್ಲ. 1886ರಲ್ಲಿ, ಆನಂದಿಬಾಯಿ ಜೋಶಿಯವರು ವೈದ್ಯಕೀಯ ಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದವರು ಅಲ್ಲೇ ಉಳಿದು, ಪುಟ್ಟ ಮಕ್ಕಳಿಗೆ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿ ಅಭ್ಯಾಸ ಮಾಡಿದರು. 1887ರಲ್ಲಿ ಹಿಂದೂ ಸ್ತ್ರೀಯರ ಸ್ಥಿತಿ ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಸಾವಿರಾರು ಪ್ರತಿಗಳು ಖರ್ಚಾದವು. ಅದೇ ವರ್ಷ ಬಾಸ್ಟನ್‌ನಲ್ಲಿ ಸ್ಥಾಪನೆಯಾದ ಸಂಘವೊಂದು, ಅವರು ತೆರೆಯಲಿದ್ದ ಶಾಲೆಗೆ ಹತ್ತು ವರ್ಷ ಹಣ ನೀಡಲು ಒಪ್ಪಿತು. 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ವಿಧವೆಯರ ‘ಶಾರದಾ ಸದನ’ ಆರಂಭವಾಯಿತು. ಆರಂಭದಲ್ಲೇ ಸೇರಿದ ತರುಣ ವಿಧವೆ ಗೋದೂಬಾಯಿ 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾದರು. ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಕರ್ವೆಯವರು ಇವರೇ.

ಇಂದಿನ ಲೆಕ್ಕ

ಇಂದು ಓದಲು ಸಮುದ್ರ ದಾಟಬೇಕಿಲ್ಲ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುತ್ತಲೇ ಪದವಿ ಪಡೆಯಬಹುದು. ಬ್ಯಾಂಕುಗಳ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ 4 ಲಕ್ಷ ರೂಪಾಯಿವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಲು ಕಾಲಾವಕಾಶವೂ ಇರುತ್ತದೆ. ಆದರೆ ಸಾಲ ಸಾಲವೇ. ಬಡ್ಡಿಯ ಲೆಕ್ಕ ಮೊದಲೇ ಕೇಳಿ ತಿಳಿಯಬೇಕು.

ರಮಾಬಾಯಿಯವರಿಗಿದ್ದ ನಾಲ್ಕು ಖರ್ಚುಗಳು ಮಾತ್ರ ಇಂದಿಗೂ ಹಾಗೆಯೇ ಇವೆ: ಪ್ರಯಾಣ, ಊಟ-ವಸತಿ, ಶುಲ್ಕ, ಮಗುವಿನ ಆರೈಕೆ. ಹಲವರು ಶುಲ್ಕವೊಂದನ್ನೇ ಲೆಕ್ಕ ಹಾಕಿ ಸೇರುತ್ತಾರೆ. ಉಳಿದ ಮೂರರ ಭಾರಕ್ಕೆ ನಡುವೆಯೇ ಬಿಡುತ್ತಾರೆ. ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು, ಒಂದೊಂದರ ಎದುರು ಹಣದ ಮೂಲ ಗುರುತಿಸಿಕೊಳ್ಳುವುದು ಒಳ್ಳೆಯದು. ಮನೆಪಾಠ, ಹೊಲಿಗೆ, ಟೈಪಿಂಗ್, ಯಾವುದು ಬಲ್ಲರೋ ಅದೇ ಬಂಡವಾಳವಾದೀತು. ಯಾರಾದರೂ ನೆರವಿತ್ತರೆ ಷರತ್ತುಗಳನ್ನು ಮೊದಲೇ ಮಾತಾಡಿಕೊಳ್ಳಬೇಕು. ಅಜ್ಜಿಯೋ ಚಿಕ್ಕಮ್ಮನೋ ದಿನಕ್ಕೆ ಎರಡು ಗಂಟೆ ಮಗುವನ್ನು ನೋಡಿಕೊಂಡರೆ ಅದೂ ಒಂದು ವಿದ್ಯಾರ್ಥಿವೇತನವೇ.

ತಾಯಿಯ ಓದಿನಿಂದ ಮಗು ಸೊರಗೀತೆಂಬ ಅಂಜಿಕೆ ಎಲ್ಲ ಮನೆಗಳಲ್ಲೂ ಇರುತ್ತದೆ. ಎರಡನೆಯ ವಯಸ್ಸಿನಲ್ಲಿ ಹಡಗು ಹತ್ತಿದ ಮನೋರಮಾ ಬೆಳೆದು ತಾಯಿಯ ಶಾರದಾ ಸದನಕ್ಕೇ ಮುಖ್ಯಸ್ಥೆಯಾದರು. 1912ರ ಸುಮಾರಿಗೆ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ತಾಯಿ ಶಾಲೆ ತೆರೆದಾಗ ಅದರ ಹೊಣೆ ಹೊತ್ತವರೂ ಅವರೇ.